ಸೊಂಟದಲ್ಲಿ ಪಿಸ್ತೂಲು, ಕಿಟಕಿಯಲ್ಲಿ ಪೊಲೀಸ್

ರಾತ್ರಿ ರಸ್ತೆಯಲ್ಲಿ ಹೋಗುತ್ತಿರುವ ಕಾರಿನ ಹಿಂದೆ ಕೆಂಪು-ನೀಲಿ ದೀಪಗಳು ಮಿನುಗತೊಡಗಿದರೆ ಅಮೆರಿಕದ ಚಾಲಕನಿಗೆ ಅದರ ಅರ್ಥ ತಿಳಿಯುತ್ತದೆ. ಆತ ಕಾರನ್ನು ರಸ್ತೆಯ ಬಲಬದಿಗೆ ತಂದು ನಿಲ್ಲಿಸುತ್ತಾನೆ. ಎಂಜಿನ್ ಆರಿಸಿ, ಒಳಗಿನ ದೀಪ ಹಾಕಿ, ಗಾಜು ಇಳಿಸಿ, ಎರಡೂ ಕೈಗಳನ್ನು ಸ್ಟಿಯರಿಂಗ್ ಮೇಲಿಟ್ಟು ಕಾಯುತ್ತಾನೆ. ನಮ್ಮಲ್ಲಿಯಂತೆ ಕೆಳಗಿಳಿದು, ಕಾಗದಪತ್ರ ಹಿಡಿದುಕೊಂಡು ಪೊಲೀಸರ ಬಳಿಗೆ ತಾನೇ ಹೋಗುವುದು ಅಲ್ಲಿ ಅಪಾಯವನ್ನು ಆಹ್ವಾನಿಸಿದಂತೆ. ಪೊಲೀಸ್ ಅಧಿಕಾರಿಯೇ ಕಾರಿನ ಬಳಿಗೆ ಬರುತ್ತಾನೆ. ಬಂದರೂ ಕಿಟಕಿಗೆ ನೇರವಾಗಿ ನಿಲ್ಲುವುದಿಲ್ಲ. ಚಾಲಕನ ಭುಜಕ್ಕಿಂತ ತುಸು ಹಿಂದೆ ನಿಲ್ಲುತ್ತಾನೆ. ಒಳಗಿದ್ದವನು ಗುಂಡು ಹಾರಿಸುವುದೇ ಆದರೆ ಪೂರ್ತಿ ಹಿಂದಕ್ಕೆ ತಿರುಗಬೇಕಾಗಲಿ ಎಂಬುದು ಆ ನಿಲುವಿನ ಉದ್ದೇಶ.

ಚಾಲಕನ ಸೊಂಟದಲ್ಲಿ ಪರವಾನಗಿ ಪಡೆದ ಪಿಸ್ತೂಲು ಇದ್ದರೆ ಈ ಸಾಮಾನ್ಯ ಭೇಟಿ ಒಮ್ಮೆಲೇ ತೊಡಕಿನದಾಗುತ್ತದೆ. ಅಧಿಕಾರಿ ಕೇಳುವ ಡ್ರೈವಿಂಗ್ ಲೈಸೆನ್ಸ್ ಇರುವುದು ಅನೇಕ ವೇಳೆ ಪಿಸ್ತೂಲಿನ ಪಕ್ಕದ ಜೇಬಿನಲ್ಲೇ. ಬಂದೂಕಿನ ವಿಷಯ ಹೇಳದೆ ಕೈ ಹಾಕಿದರೆ ಒಂದು ಭಯ, ಹೇಳಿ ಕೈ ಹಾಕಿದರೆ ಇನ್ನೊಂದು ಭಯ. ಇದಕ್ಕೆ ದೇಶಕ್ಕೆಲ್ಲ ಅನ್ವಯಿಸುವ ಒಂದೇ ನಿಯಮವೂ ಇಲ್ಲ. ಮಿಷಿಗನ್ ರಾಜ್ಯದಲ್ಲಿ ಚಾಲಕ ತಾನಾಗಿಯೇ ತಕ್ಷಣ ತಿಳಿಸಬೇಕು. ಮಿನೆಸೋಟದಲ್ಲಿ ಅಧಿಕಾರಿ ಕೇಳಿದರೆ ಮಾತ್ರ ಹೇಳಿದರೆ ಸಾಕು. ರಾಜ್ಯದ ಗಡಿ ದಾಟಿದೊಡನೆ ನಿನ್ನೆಯವರೆಗಿನ ಸರಿಯಾದ ನಡವಳಿಕೆ ಇಂದು ಅಪರಾಧವಾಗಬಹುದು.

ಭಾರತದ ಓದುಗರಿಗೆ ಇದು ವಿಚಿತ್ರವೆನಿಸುವುದು ಸಹಜ. 1878ರ ಆಯುಧ ಕಾಯ್ದೆಯಿಂದ ಹಿಡಿದು 1959ರ ಕಾಯ್ದೆಯವರೆಗೆ ನಮ್ಮಲ್ಲಿ ಬಂದೂಕು ಸರ್ಕಾರ ಕೊಡುವ ಅನುಮತಿಯೇ ಹೊರತು ಪ್ರಜೆಯ ಹಕ್ಕಲ್ಲ. ಪರವಾನಗಿ ಇಲ್ಲದೆ ಕೋವಿ ಇಟ್ಟುಕೊಳ್ಳಬಹುದಾದ ಕೊಡವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಇರುವುದು ವಿನಾಯಿತಿ. ಕೇಂದ್ರ ಸರ್ಕಾರ ಅದನ್ನು 2019ರಲ್ಲಿ ಇನ್ನೂ ಹತ್ತು ವರ್ಷಗಳ ಅವಧಿಗೆ ಮುಂದುವರಿಸಿತು. ಅಮೆರಿಕದಲ್ಲಿ ಹಾಗಲ್ಲ. ಶಸ್ತ್ರ ಹೊಂದುವ ಮಾತು 1791ರ ಎರಡನೆಯ ತಿದ್ದುಪಡಿಯ ಮೂಲಕ ಸಂವಿಧಾನದಲ್ಲೇ ಸೇರಿತು. ಅದು ನಾಗರಿಕ ಸೇನೆಗೆ ಸಂಬಂಧಿಸಿದ್ದೋ, ಒಬ್ಬೊಬ್ಬ ವ್ಯಕ್ತಿಯ ಹಕ್ಕೋ ಎಂಬ ಚರ್ಚೆಗೆ ಅಲ್ಲಿನ ಸುಪ್ರೀಂ ಕೋರ್ಟ್ ಸ್ಪಷ್ಟ ಉತ್ತರ ಕೊಟ್ಟದ್ದು ಮಾತ್ರ 2008ರಲ್ಲಿ: ವ್ಯಕ್ತಿಯ ಹಕ್ಕು ಎಂದು. ಅದೇ 1791ರಲ್ಲಿ ಸೇರಿದ ನಾಲ್ಕನೆಯ ತಿದ್ದುಪಡಿ, ಸಕಾರಣವಿಲ್ಲದ ಶೋಧನೆಯಿಂದ ಪ್ರಜೆಗೆ ರಕ್ಷಣೆ ಕೊಡುತ್ತದೆ. ಕಾರಿನ ಕಿಟಕಿಯಲ್ಲಿ ಮುಖಾಮುಖಿಯಾಗುವುದು ಈ ಎರಡು ತಿದ್ದುಪಡಿಗಳೇ.

ಕಾರು ಈ ಕಥೆಯೊಳಗೆ ಬಂದದ್ದು ಸಾರಾಯಿಯ ನೆಪದಲ್ಲಿ. ಪಾನನಿಷೇಧದ ಕಾಲವಾದ 1921ರ ಡಿಸೆಂಬರಿನಲ್ಲಿ ಮಿಷಿಗನ್ನಿನ ಹೆದ್ದಾರಿಯೊಂದರಲ್ಲಿ ಅಧಿಕಾರಿಗಳು ಒಂದು ಓಲ್ಡ್ಸ್‌ಮೊಬಿಲ್ ಕಾರನ್ನು ತಡೆದು, ಸೀಟಿನ ಮೆತ್ತೆಯನ್ನು ಹರಿದು 68 ಬಾಟಲಿ ಮದ್ಯ ಹೊರತೆಗೆದರು. ಅವರ ಬಳಿ ವಾರಂಟ್ ಇರಲಿಲ್ಲ. 1925ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಒಪ್ಪಿತು. ಮನೆ ನಿಂತಲ್ಲೇ ನಿಂತಿರುತ್ತದೆ, ಕಾರು ಹಾಗಲ್ಲ. ವಾರಂಟ್ ತರುವಷ್ಟರಲ್ಲಿ ಅದು ಮಾಯವಾಗಿರುತ್ತದೆ ಎಂಬುದು ನ್ಯಾಯಾಲಯದ ತರ್ಕ. ಮನೆಯೊಳಗಿನ ಪ್ರಜೆಗಿಂತ ಕಾರಿನೊಳಗಿನ ಪ್ರಜೆಯ ರಕ್ಷಣೆ ತೆಳುವಾದದ್ದು ಅಂದಿನಿಂದ.

ಬಂದೂಕು ಹೊತ್ತು ತಿರುಗುವ ಹಕ್ಕು ಆ ಕಾಲದಲ್ಲಿ ಎಲ್ಲರಿಗೂ ಸಲೀಸಾಗಿತ್ತೆಂದು ಭಾವಿಸಬಾರದು. ನ್ಯೂಯಾರ್ಕ್ 1911ರಲ್ಲೇ ಪರವಾನಗಿ ಕಡ್ಡಾಯ ಮಾಡಿತ್ತು. ಹಲವು ರಾಜ್ಯಗಳಲ್ಲಿ ಪರವಾನಗಿ ಕೊಡುವುದು ಬಿಡುವುದು ಸ್ಥಳೀಯ ಅಧಿಕಾರಿಯ ಮರ್ಜಿ. 1956ರ ಜನವರಿಯಲ್ಲಿ ಅಲಬಾಮದ ಮಾಂಟ್ಗೊಮರಿಯಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಮನೆಯ ಮೇಲೆ ಬಾಂಬ್ ಬಿತ್ತು. ಆ ನಂತರ ಅವರು ಬಂದೂಕು ಪರವಾನಗಿಗೆ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ಅಹಿಂಸೆಯ ಹಾದಿ ಅವರಿಗೆ ಇನ್ನೂ ಪೂರ್ತಿ ಮನಸ್ಸಿಗೆ ಹತ್ತಿರದ ದಿನಗಳವು. ಮನೆಗೆ ಬಾಂಬ್ ಬಿದ್ದವನಿಗೂ ಸಿಗದ ಪರವಾನಗಿ ಮತ್ತಾರಿಗೆ ಮೀಸಲಾಗಿತ್ತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಹತ್ತು ವರ್ಷಗಳ ನಂತರ ಕ್ಯಾಲಿಫೋರ್ನಿಯದ ಓಕ್ಲೆಂಡ್ ನಗರದ ಇಬ್ಬರು ತರುಣರು ಬೇರೆಯೇ ದಾರಿ ಹಿಡಿದರು. ಹ್ಯೂಯಿ ನ್ಯೂಟನ್ ಮತ್ತು ಬಾಬಿ ಸೀಲ್ 1966ರ ಅಕ್ಟೋಬರಿನಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷವನ್ನು ಕಟ್ಟಿದರು. ನ್ಯೂಟನ್ ಸ್ವಲ್ಪ ಕಾಲ ಕಾನೂನು ಓದಿದವನು. ಗುಂಡು ತುಂಬಿದ ಬಂದೂಕನ್ನು ಬಚ್ಚಿಡದೆ ಎಲ್ಲರಿಗೂ ಕಾಣುವಂತೆ ಹಿಡಿದುಕೊಂಡು ಓಡಾಡುವುದು ಅಂದಿನ ಕ್ಯಾಲಿಫೋರ್ನಿಯದಲ್ಲಿ ಅಪರಾಧವಾಗಿರಲಿಲ್ಲ. ಪ್ಯಾಂಥರುಗಳು ಬಂದೂಕು ಮತ್ತು ಕಾನೂನು ಪುಸ್ತಕ ಎರಡನ್ನೂ ಹಿಡಿದು ಕಾರಿನಲ್ಲಿ ಪೊಲೀಸರ ಹಿಂದೆ ಸುತ್ತತೊಡಗಿದರು. ಪೊಲೀಸರು ಕಪ್ಪು ವರ್ಣೀಯ ಚಾಲಕನನ್ನು ತಡೆದಲ್ಲಿ ತಾವೂ ಇಳಿದು, ಕಾನೂನು ಹೇಳುವಷ್ಟು ದೂರದಲ್ಲಿ ನಿಂತು, ಆತನ ಹಕ್ಕುಗಳೇನೆಂದು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ಕಾರಿನೊಳಗೆ ರೈಫಲ್ಲಿನ ಗುಂಡಿನ ಕೋಣೆ ಖಾಲಿಯಿರಬೇಕೆಂಬ ಬೇಟೆ ಕಾನೂನಿನ ನಿಯಮವನ್ನೂ ಅವರು ತಪ್ಪದೆ ಪಾಲಿಸುತ್ತಿದ್ದರು. ಕಾರಿನಿಂದ ಇಳಿದ ಮೇಲಷ್ಟೇ ಗುಂಡು ಏರಿಸುತ್ತಿದ್ದರು.

ಕಾನೂನನ್ನು ಅಕ್ಷರಶಃ ಪಾಲಿಸುವವರನ್ನು ಬಂಧಿಸಲು ದಾರಿಯಿಲ್ಲದಾಗ ಕಾನೂನನ್ನೇ ಬದಲಿಸಲಾಯಿತು. ಶಾಸಕ ಡಾನ್ ಮಲ್ಫರ್ಡ್ ತಂದ ಮಸೂದೆಯನ್ನು ವಿರೋಧಿಸಿ 1967ರ ಮೇ 2ರಂದು ಸುಮಾರು ಮೂವತ್ತು ಪ್ಯಾಂಥರುಗಳು, ಅನೇಕರು ಬಂದೂಕು ಹಿಡಿದೇ, ಸ್ಯಾಕ್ರಮೆಂಟೊದ ಶಾಸನಸಭೆಗೆ ಬಂದರು. ಆ ಚಿತ್ರಗಳು ದೇಶವನ್ನು ಬೆಚ್ಚಿಬೀಳಿಸಿದವು. ಜುಲೈ ತಿಂಗಳಲ್ಲಿ ಗವರ್ನರ್ ರೊನಾಲ್ಡ್ ರೇಗನ್ ಮಸೂದೆಗೆ ಸಹಿ ಹಾಕಿದರು. ಸಾರ್ವಜನಿಕ ಸ್ಥಳದಲ್ಲಿ ಗುಂಡು ತುಂಬಿದ ಬಂದೂಕು ಹಿಡಿಯುವುದು ಅಪರಾಧವಾಯಿತು. ಬಂದೂಕು ತುಂಬಿದೆಯೇ ಎಂದು ನೋಡುವ ಅಧಿಕಾರ ಪೊಲೀಸರಿಗೆ ಬಂತು. ತೋರಿಸಲು ನಿರಾಕರಿಸಿದರೆ ಅದೇ ಬಂಧನಕ್ಕೆ ಕಾರಣ. ಇದೇ ರೇಗನ್ 1980ರಲ್ಲಿ ಅಧ್ಯಕ್ಷ ಪದವಿಗೆ ನಿಂತಾಗ ಬಂದೂಕುದಾರರ ಬಲಿಷ್ಠ ಸಂಸ್ಥೆಯಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಅವರನ್ನು ಬೆಂಬಲಿಸಿತೆಂಬುದು ಇತಿಹಾಸದ ತಮಾಷೆಗಳಲ್ಲೊಂದು. ನ್ಯೂಟನ್ ಕಥೆಯೂ ಬಂದು ನಿಂತದ್ದು ಒಂದು ವಾಹನ ತಡೆಯಲ್ಲೇ. 1967ರ ಅಕ್ಟೋಬರ್ 28ರ ನಸುಕಿನಲ್ಲಿ ಆತನಿದ್ದ ಕಾರನ್ನು ಪೊಲೀಸರು ನಿಲ್ಲಿಸಿದರು. ಗುಂಡು ಹಾರಿತು. ಒಬ್ಬ ಅಧಿಕಾರಿ ಸತ್ತ, ಇನ್ನೊಬ್ಬ ಗಾಯಗೊಂಡ, ನ್ಯೂಟನ್ ಹೊಟ್ಟೆಗೂ ಗುಂಡು ಬಿತ್ತು. 1968ರಲ್ಲಿ ಆತನಿಗೆ ಶಿಕ್ಷೆಯಾಯಿತು, 1970ರಲ್ಲಿ ಆ ತೀರ್ಪು ಬಿದ್ದುಹೋಯಿತು, ಮತ್ತೆರಡು ವಿಚಾರಣೆಗಳಲ್ಲಿ ಜ್ಯೂರಿಗೆ ಒಮ್ಮತಕ್ಕೆ ಬರಲಾಗದೆ 1971ರಲ್ಲಿ ಮೊಕದ್ದಮೆ ಕೈಬಿಡಲಾಯಿತು.

ಈ ಗದ್ದಲದ ವರ್ಷಗಳಲ್ಲೇ ಸುಪ್ರೀಂ ಕೋರ್ಟ್ ಸದ್ದಿಲ್ಲದೆ ಹೊಸ ನಿಯಮಗಳನ್ನು ಕಟ್ಟುತ್ತಿತ್ತು. ವ್ಯಕ್ತಿ ಶಸ್ತ್ರಧಾರಿ ಮತ್ತು ಅಪಾಯಕಾರಿ ಎಂಬ ಸಕಾರಣ ಸಂಶಯವಿದ್ದರೆ ಪೊಲೀಸರು ಆತನ ಮೈ ತಡವಿ ನೋಡಬಹುದು ಎಂದು 1968ರಲ್ಲಿ ಓಹಾಯೊದ ಟೆರಿ ಮೊಕದ್ದಮೆಯಲ್ಲಿ ಹೇಳಿತು. ‘ಶಸ್ತ್ರಧಾರಿ ಮತ್ತು ಅಪಾಯಕಾರಿ’ ಎಂಬ ಈ ಜೋಡಿ ಮಾತಿನಲ್ಲಿ ಮುಂದಿನ ಅರ್ಧ ಶತಮಾನದ ಜಗಳ ಅಡಗಿತ್ತು. ಶಸ್ತ್ರ ಹಿಡಿಯುವುದು ಹಕ್ಕಾದ ದೇಶದಲ್ಲಿ ಶಸ್ತ್ರಧಾರಿಯೆಲ್ಲ ಅಪಾಯಕಾರಿಯೇ?

ಈ ಪ್ರಶ್ನೆ 1972ರಲ್ಲೇ ನ್ಯಾಯಾಲಯದ ಮುಂದೆ ನಿಂತಿತು. ಕನೆಕ್ಟಿಕಟ್‌ನ ಬ್ರಿಜ್‌ಪೋರ್ಟ್ ಪಟ್ಟಣದಲ್ಲಿ ರಾತ್ರಿ ಎರಡು ಗಂಟೆ ಕಳೆದಿತ್ತು. ಕಾರಿನಲ್ಲಿ ಕುಳಿತಿರುವವನ ಸೊಂಟದಲ್ಲಿ ಬಂದೂಕು, ಜೊತೆಗೆ ಮಾದಕ ವಸ್ತು ಇದೆಯೆಂದು ಪರಿಚಿತನೊಬ್ಬ ಅಧಿಕಾರಿಗೆ ಹೇಳಿದ. ಅಧಿಕಾರಿ ಹೋಗಿ ಬಾಗಿಲು ತೆರೆಯಲು ಹೇಳಿದ. ಆತ ಬಾಗಿಲಿನ ಬದಲು ಗಾಜು ಇಳಿಸಿದ. ಅಧಿಕಾರಿ ಒಳಗೆ ಕೈ ಹಾಕಿ ಸೊಂಟದಿಂದ ರಿವಾಲ್ವರ್ ಎಳೆದುಕೊಂಡ. ಅದು ಹೊರಗಿನಿಂದ ಕಾಣುತ್ತಲೂ ಇರಲಿಲ್ಲ. ಬಹುಮತದ ನ್ಯಾಯಮೂರ್ತಿಗಳು ಇದನ್ನು ಸರಿಯೆಂದರು. ಮೂವರು ಭಿನ್ನಮತ ಸೂಚಿಸಿದರು. ಅವರಲ್ಲೊಬ್ಬರಾದ ಥರ್ಗುಡ್ ಮಾರ್ಷಲ್, ಸುಪ್ರೀಂ ಕೋರ್ಟಿನ ಮೊದಲ ಕಪ್ಪು ವರ್ಣೀಯ ನ್ಯಾಯಮೂರ್ತಿ, ಎತ್ತಿದ ಆಕ್ಷೇಪ ಸರಳವಾದದ್ದು: ಪರವಾನಗಿ ಇದ್ದರೆ ಬಂದೂಕು ಒಯ್ಯಬಹುದೆಂದು ಕನೆಕ್ಟಿಕಟ್ ಕಾನೂನೇ ಹೇಳುವಾಗ, ಬಂದೂಕಿದೆ ಎಂಬ ಸುದ್ದಿಯೊಂದರಿಂದಲೇ ಮನುಷ್ಯ ಅಪಾಯಕಾರಿಯೆಂದು ತೀರ್ಮಾನಿಸುವುದು ಹೇಗೆ? ಈ ಆಕ್ಷೇಪಕ್ಕೆ ಬಹುಮತದವರಿಂದ ಸಮಾಧಾನಕರ ಉತ್ತರ ಬರಲಿಲ್ಲ. 1983ರಲ್ಲಿ ನ್ಯಾಯಾಲಯ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕಾರಿನೊಳಗೆ ಶಸ್ತ್ರಕ್ಕಾಗಿ ಹುಡುಕಬಹುದೆಂದೂ, ಆ ಶಸ್ತ್ರವನ್ನು ಕಾನೂನಿನಂತೆ ಇಟ್ಟುಕೊಂಡಿದ್ದರೂ ಮಾತು ಅದೇ ಎಂದೂ ಹೇಳಿಬಿಟ್ಟಿತು.

ಪೊಲೀಸರ ಭಯ ಕಲ್ಪಿತವಲ್ಲ. ನಂಬರ್ ಪ್ಲೇಟ್ ಅವಧಿ ಮೀರಿದ್ದಕ್ಕೆ ಫಿಲಡೆಲ್ಫಿಯಾದಲ್ಲಿ ನಿಲ್ಲಿಸಿದ ಕಾರೊಂದರಿಂದ ಇಳಿಸಿದವನ ಕೋಟಿನಡಿ ಗುಂಡು ತುಂಬಿದ ರಿವಾಲ್ವರ್ ಸಿಕ್ಕಿತ್ತು. ಆ ಮಿಮ್ಸ್ ಮೊಕದ್ದಮೆಯಲ್ಲಿ, ತಡೆದ ಚಾಲಕನನ್ನು ಕೆಳಗಿಳಿಯಲು ಹೇಳುವ ಅಧಿಕಾರವನ್ನು ಸುಪ್ರೀಂ ಕೋರ್ಟ್ 1977ರಲ್ಲಿ ಪೊಲೀಸರಿಗೆ ಕೊಟ್ಟಿತು. ಪೊಲೀಸರ ಮೇಲೆ ನಡೆದ ಗುಂಡಿನ ದಾಳಿಗಳಲ್ಲಿ ಸುಮಾರು ಶೇಕಡಾ 30ರಷ್ಟು, ಕಾರಿನಲ್ಲಿ ಕುಳಿತ ಶಂಕಿತನ ಬಳಿಗೆ ಹೋಗುವಾಗ ಆದವು ಎಂಬ ಅಧ್ಯಯನವೊಂದನ್ನು ತೀರ್ಪು ಉಲ್ಲೇಖಿಸಿತು. ಅವೆಲ್ಲ ಮಾಮೂಲಿ ಸಂಚಾರ ತಪಾಸಣೆಗಳಲ್ಲ ಎಂದು ನ್ಯಾಯಮೂರ್ತಿ ಸ್ಟೀವನ್ಸ್ ಅಲ್ಲೇ ತಕರಾರು ತೆಗೆದರೂ ಜನರ ಮನಸ್ಸಿನಲ್ಲಿ ಉಳಿದದ್ದು ಭಯವೇ.

ಇತ್ತ ಬಂದೂಕಿನ ಕಾನೂನು ಎದುರು ದಿಕ್ಕಿಗೆ ಓಡತೊಡಗಿತು. ಅರ್ಹತೆ ಇದ್ದವರಿಗೆಲ್ಲ ಪರವಾನಗಿ ಕೊಡಲೇಬೇಕೆಂದು ಫ್ಲಾರಿಡಾ 1987ರಲ್ಲಿ ಕಾನೂನು ಮಾಡಿತು. ಟೆಕ್ಸಾಸ್ 1995ರಲ್ಲಿ ಪರವಾನಗಿ ಪದ್ಧತಿ ತಂದಿತು. ಕೊನೆಗೆ ಉಳಿದಿದ್ದ ಇಲಿನಾಯ್ ಕೂಡ 2013ರಲ್ಲಿ ಬಾಗಿಲು ತೆರೆಯಿತು. ಒಂದು ಕೈ ಹೆಚ್ಚು ಹೆಚ್ಚು ಜನರಿಗೆ ಪಿಸ್ತೂಲು ಕೊಡುತ್ತಿದ್ದಾಗ ಇನ್ನೊಂದು ಕೈ ಪಿಸ್ತೂಲುಳ್ಳವರನ್ನೆಲ್ಲ ಅಪಾಯಕಾರಿಗಳೆಂದು ಕಾಣುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತ್ತು. ಎರಡನ್ನೂ ಹೊಂದಿಸುವ ಹೊಣೆ ಪರವಾನಗಿ ತರಗತಿಗಳ ಮೇಲೆ ಬಿತ್ತು. ಕೈ ಅಲ್ಲಾಡಿಸಬೇಡಿ, ಮೊದಲು ಬಾಯಲ್ಲಿ ಹೇಳಿ, ಮುಂದೇನು ಮಾಡಲೆಂದು ಕೇಳಿ, ಹೇಳಿದಷ್ಟನ್ನೇ ನಿಧಾನವಾಗಿ ಮಾಡಿ ಎಂದು ಅಲ್ಲಿ ಕಲಿಸುತ್ತಾರೆ.

ಫಿಲಾಂಡೊ ಕಾಸ್ಟಿಲ್ ಮೊದಲು ಬಾಯಲ್ಲಿ ಹೇಳಿದ್ದರು. ಸೇಂಟ್ ಪಾಲ್ ನಗರದ ಶಾಲೆಯೊಂದರ ಅಡುಗೆಮನೆಯ ಮೇಲ್ವಿಚಾರಕರಾಗಿದ್ದ ಅವರಿಗೆ 32 ವರ್ಷ. ಕಪ್ಪು ವರ್ಣೀಯರಾದ ಅವರನ್ನು ಆವರೆಗಿನ ಹದಿಮೂರು-ಹದಿನಾಲ್ಕು ವರ್ಷಗಳಲ್ಲಿ ಸಣ್ಣಪುಟ್ಟ ಕಾರಣಗಳಿಗೆ ಪೊಲೀಸರು ನಿಲ್ಲಿಸಿದ್ದು ಕಡಿಮೆಯೆಂದರೂ 46 ಸಲ. ಬಂದೂಕು ಪರವಾನಗಿಯನ್ನು ಅವರು 2015ರಲ್ಲಿ ಪಡೆದಿದ್ದರು. 2016ರ ಜುಲೈ 6ರ ರಾತ್ರಿ ಮಿನೆಸೋಟದ ಫಾಲ್ಕನ್ ಹೈಟ್ಸ್‌ನಲ್ಲಿ ಅಧಿಕಾರಿ ಜೆರೊನಿಮೊ ಯಾನೆಜ್ ಅವರ ಕಾರನ್ನು ತಡೆದು, ಹಿಂಬದಿಯ ದೀಪವೊಂದು ಉರಿಯುತ್ತಿಲ್ಲ ಎಂದ. ನಿಲ್ಲಿಸುವ ಮುನ್ನವೇ, ಚಾಲಕನ ಅಗಲ ಮೂಗು ದರೋಡೆ ಶಂಕಿತನೊಬ್ಬನಂತೆ ಕಾಣುತ್ತಿದೆಯೆಂದು ವೈರ್‌ಲೆಸ್‌ನಲ್ಲಿ ಹೇಳಿದ್ದ. ಕಾಸ್ಟಿಲ್ ವಿಮೆಯ ಚೀಟಿ ಕೊಟ್ಟರು. ಬಳಿಕ ‘ಸರ್’ ಎಂದು ಸಂಬೋಧಿಸಿ, ತಮ್ಮ ಬಳಿ ಬಂದೂಕು ಇರುವುದನ್ನು ತಿಳಿಸಿದರು. ಮಿನೆಸೋಟದ ಕಾನೂನಿನಂತೆ ಅವರು ಹಾಗೆ ತಾವಾಗಿ ಹೇಳಬೇಕಾಗಿರಲಿಲ್ಲ ಎಂಬುದನ್ನು ಇಲ್ಲಿ ಗಮನಿಸಬೇಕು. ಹೊರತೆಗೆಯಬೇಡ ಎಂದ ಅಧಿಕಾರಿ. ತೆಗೆಯುತ್ತಿಲ್ಲ ಎಂದರು ಕಾಸ್ಟಿಲ್. ಪಕ್ಕದಲ್ಲಿದ್ದ ಗೆಳತಿಯೂ ಅದನ್ನೇ ಹೇಳಿದಳು. ಕೆಲವೇ ಸೆಕೆಂಡುಗಳಲ್ಲಿ ಏಳು ಗುಂಡುಗಳು ಹಾರಿದವು. ಹಿಂದಿನ ಸೀಟಿನಲ್ಲಿ ಆಕೆಯ ನಾಲ್ಕು ವರ್ಷದ ಮಗಳಿದ್ದಳು. ಬಂದೂಕಿಗೆ ಕೈ ಹಾಕುತ್ತಿರಲಿಲ್ಲ ಎಂಬುದೇ ಕಾಸ್ಟಿಲ್ ಅವರ ಕೊನೆಯ ಮಾತು.

ಮರುದಿನವೇ ಡಲ್ಲಾಸ್‌ನಲ್ಲಿ ಪ್ರತಿಭಟನಾ ಮೆರವಣಿಗೆಯ ಕಾವಲಿಗಿದ್ದ ಐವರು ಪೊಲೀಸರನ್ನು ಬಂದೂಕುಧಾರಿಯೊಬ್ಬ ಕೊಂದ. ಬಂದೂಕನ್ನು ಬಹಿರಂಗವಾಗಿ ಒಯ್ಯುವುದು ನ್ಯಾಯಸಮ್ಮತವಾಗಿದ್ದ ಆ ಟೆಕ್ಸಾಸ್‌ನಲ್ಲಿ ಮೆರವಣಿಗೆಗೆ ರೈಫಲ್ ಹೊತ್ತು ಬಂದಿದ್ದ ನಿರಪರಾಧಿ ಕಪ್ಪು ವರ್ಣೀಯನೊಬ್ಬನ ಚಿತ್ರವನ್ನು ಪೊಲೀಸರು ಶಂಕಿತನದೆಂದು ಪ್ರಕಟಿಸಿದ್ದೂ ಆ ರಾತ್ರಿಯೇ. ಯಾನೆಜ್‌ನನ್ನು 2017ರ ಜೂನ್ 16ರಂದು ಜ್ಯೂರಿ ದೋಷಮುಕ್ತಗೊಳಿಸಿತು. ಪೊಲೀಸ್ ಕಾರಿನ ಕ್ಯಾಮೆರಾದ ಚಿತ್ರಗಳನ್ನು ಜನ ನೋಡಿದ್ದು ನಾಲ್ಕು ದಿನಗಳ ನಂತರ.

ಅದೇ ವರ್ಷದ ಜನವರಿಯಲ್ಲಿ ನಾಲ್ಕನೆಯ ವಲಯದ ಮೇಲ್ಮನವಿ ನ್ಯಾಯಾಲಯ, ವೆಸ್ಟ್ ವರ್ಜೀನಿಯದಲ್ಲಿ ಸೀಟ್ ಬೆಲ್ಟ್ ಕಾರಣಕ್ಕೆ ತಡೆದ ಕಾರೊಂದರ ಮೊಕದ್ದಮೆಯಲ್ಲಿ ಹಳೆಯ ಪ್ರಶ್ನೆಗೆ ನೇರ ಉತ್ತರ ಕೊಟ್ಟಿತ್ತು: ತಡೆದ ಕಾರಿನಲ್ಲಿ ಶಸ್ತ್ರಧಾರಿ ಎಂದರೆ ಅಪಾಯಕಾರಿಯೇ, ಬಂದೂಕು ಸಕ್ರಮವೋ ಅಕ್ರಮವೋ ಎಂಬುದು ಅಪ್ರಸ್ತುತ. ಆದರೆ ಬೀದಿಯಲ್ಲಿ ಬಂದೂಕು ಧರಿಸಿ ನಡೆಯುತ್ತಿದ್ದವನನ್ನು ಅಷ್ಟಕ್ಕೇ ಹಿಡಿದು ನಿಲ್ಲಿಸುವಂತಿಲ್ಲವೆಂದು ಆರನೆಯ ವಲಯದ ನ್ಯಾಯಾಲಯ 2015ರಲ್ಲಿ ಹೇಳಿದೆ. ನಡೆಯುವವನಿಗೆ ಒಂದು ನ್ಯಾಯ, ಕಾರಿನಲ್ಲಿ ಕುಳಿತವನಿಗೆ ಇನ್ನೊಂದು.

ನ್ಯೂಯಾರ್ಕಿನ 1911ರ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2022ರ ಜೂನ್‌ನಲ್ಲಿ ಅಸಿಂಧುಗೊಳಿಸಿ, ಮನೆಯ ಹೊರಗೂ ಪಿಸ್ತೂಲು ಒಯ್ಯುವುದು ಸಂವಿಧಾನದತ್ತ ಹಕ್ಕೆಂದಿತು. 2024ರ ಹೊತ್ತಿಗೆ 29 ರಾಜ್ಯಗಳು ಪರವಾನಗಿಯ ಅಗತ್ಯವನ್ನೇ ತೆಗೆದುಹಾಕಿದ್ದವು. ಅವುಗಳಲ್ಲೊಂದಾದ ಓಹಾಯೊದಲ್ಲಿ ಮೊದಲು ಚಾಲಕ ತಾನಾಗಿಯೇ ಬಂದೂಕಿನ ವಿಷಯ ತಿಳಿಸಬೇಕಿತ್ತು. 2022ರಿಂದ ಕೇಳಿದರೆ ಹೇಳಿದರೆ ಸಾಕು. ಪರವಾನಗಿ ಇದ್ದವರ ವಿವರ ಹಿಂದೆ ಪೊಲೀಸ್ ಕಾರಿನ ಕಂಪ್ಯೂಟರಿನಲ್ಲಿ ಮೂಡುತ್ತಿತ್ತು. ಪರವಾನಗಿಯೇ ಬೇಡವೆಂದಾದ ಮೇಲೆ, ಬಂದೂಕು ಇಟ್ಟುಕೊಂಡು ಪರವಾನಗಿ ಪಡೆಯದವನ ಬಗ್ಗೆ ಆ ಪರದೆ ಏನನ್ನೂ ಹೇಳುವುದಿಲ್ಲ. ಅಧಿಕಾರಿ ತನ್ನ ಕಾರಿನಿಂದ ಇಳಿದು, ಒಳಗೇನಿದೆಯೆಂದು ಗೊತ್ತಿಲ್ಲದ ಇನ್ನೊಂದು ಕಾರಿನ ಕಡೆಗೆ ನಡೆಯುತ್ತಾನೆ. ಒಳಗಿರುವವನು ಸ್ಟಿಯರಿಂಗ್ ಮೇಲೆ ಕೈಯಿಟ್ಟು ಕಾಯುತ್ತಿರುತ್ತಾನೆ.