ಕೆಸರಿನಲ್ಲಿ ಉಳಿದ ಚಿನ್ನ

ನಮ್ಮ ಶುಕ್ರವಾರದ ತರಗತಿಯಲ್ಲಿ ಈ ವರ್ಷ ಕರ್ನಾಟಕದ ಜಿಲ್ಲೆಗಳ ಪಾಠ ನಡೆಯುತ್ತಿತ್ತು. ಕೋಲಾರ ಎಂದೊಡನೆ ಹುಡುಗರೆಲ್ಲ ಒಂದೇ ಉಸಿರಿಗೆ ‘ಕೆಜಿಎಫ್’ ಎಂದು ಕೂಗಿದರು. ಆ ಸಿನಿಮಾ ನೋಡದ ಕನ್ನಡದ ಮಗು ಮಸ್ಕತ್‌ನಲ್ಲಿ ಇರಲಾರದು. ಒಬ್ಬಳು ಮಾತ್ರ, ‘ಅದರಲ್ಲಿ ಕಾಣುವ ಬೂದು ಬಣ್ಣದ ಗುಡ್ಡಗಳು ನಿಜವಾದ ಬೆಟ್ಟಗಳಾ?’ ಎಂದು ಕೇಳಿದಳು. ನಾನು ಬೆಳೆದದ್ದು ಆ ಗುಡ್ಡಗಳ ಕಣ್ಣಳತೆಯಲ್ಲಿ. ಅವು ಬೆಟ್ಟಗಳಲ್ಲ. ಚಿನ್ನ ತೆಗೆದ ಮೇಲೆ ಉಳಿದ ನುಣ್ಣನೆಯ ಮಣ್ಣನ್ನು ನೂರು ವರ್ಷ ಸುರಿದು ಸುರಿದು ಆದ ರಾಶಿ. ನಮ್ಮೂರಿನವರು ಅವನ್ನು ಸೈನೈಡ್ ಗುಡ್ಡ ಎನ್ನುತ್ತಾರೆ. ಆ ಹೆಸರು ಹೇಗೆ ಬಂತು ಎಂಬುದನ್ನು ತರಗತಿಯ ಹತ್ತು ನಿಮಿಷದಲ್ಲಿ ಹೇಳಲಾಗಲಿಲ್ಲ. ಈ ಸಂಚಿಕೆಯಲ್ಲಿ ಜಾಗ ಸಿಕ್ಕಿದೆ, ಹೇಳುತ್ತೇನೆ.

ಕನ್ನಡದಲ್ಲಿ ‘ಜಲಗಾರ’ ಎಂಬ ಹಳೆಯ ಪದವಿದೆ. ಈಗ ಕಸ ಗುಡಿಸುವವನು ಎಂಬ ಅರ್ಥವಷ್ಟೇ ನಮಗೆ ಗೊತ್ತು. ಕುವೆಂಪು ಅವರ ನಾಟಕದ ಹೆಸರೂ ಅದೇ. ಆದರೆ ಮರಳನ್ನೋ ಅಕ್ಕಸಾಲಿಗರ ಬೂದಿಯನ್ನೋ ತೊಳೆದು ಚಿನ್ನದ ಕಣ ಹೆಕ್ಕುವವನನ್ನೂ ಜಲಗಾರ ಎಂದೇ ಕರೆಯುತ್ತಿದ್ದರು. ಗದಗ ಸೀಮೆಯ ಕಪ್ಪತಗುಡ್ಡದ ಹಳ್ಳಗಳಲ್ಲಿ ಜಲಗಾರರು ಮರಳು ತೊಳೆಯುತ್ತಿದ್ದುದನ್ನು 19ನೇ ಶತಮಾನದ ಭೂವಿಜ್ಞಾನಿಗಳು ಬರೆದಿಟ್ಟಿದ್ದಾರೆ. ಇನ್ನೊಬ್ಬರು ಬಿಸಾಡಿದ್ದರಲ್ಲಿ ಚಿನ್ನ ಹುಡುಕುವ ಕಸುಬು ನಮ್ಮ ನಾಡಿಗೆ ಹೊಸದಲ್ಲ.

1802ರಲ್ಲಿ ಮೈಸೂರು ಸೀಮೆಯ ಸರ್ವೆಗೆ ಬಂದಿದ್ದ ಜಾನ್ ವಾರೆನ್ ಎಂಬ ಸೇನಾಧಿಕಾರಿ, ಚಿನ್ನ ತೋರಿಸಿದವರಿಗೆ ಬಹುಮಾನ ಎಂದು ಸಾರಿದ. ಹಳ್ಳಿಯವರು ಗಾಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವನೆದುರೇ ತೊಳೆದು ತೋರಿಸಿದರು. ಅವನು ಬರೆದದ್ದನ್ನು ಓದಿ ಬೆನ್ನು ಹತ್ತಿದವನು ಬೆಂಗಳೂರಿನಲ್ಲಿ ನೆಲೆಸಿದ್ದ ನಿವೃತ್ತ ಸೈನಿಕ ಮೈಕೆಲ್ ಲ್ಯಾವೆಲ್. ಬೆಂಗಳೂರಿನ ಲ್ಯಾವೆಲ್ ರಸ್ತೆ ಅವನ ಹೆಸರಿನದು. 1880ರಲ್ಲಿ ಲಂಡನ್ನಿನ ಜಾನ್ ಟೇಲರ್ ಅಂಡ್ ಸನ್ಸ್ ಬಂತು, ಆಳವಾದ ಗಣಿಗಳು ತೆರೆದುಕೊಂಡವು.

ಆಗ ಚಿನ್ನ ಹಿಡಿಯುತ್ತಿದ್ದುದು ಪಾದರಸದಿಂದ. ಕಲ್ಲನ್ನು ಕುಟ್ಟಿ ಪುಡಿ ಮಾಡಿ, ನೀರಿನ ಜೊತೆ ಪಾದರಸ ಸವರಿದ ತಾಮ್ರದ ತಗಡಿನ ಮೇಲೆ ಹರಿಸುತ್ತಿದ್ದರು. ದಪ್ಪ ಕಣ ಅಂಟಿಕೊಳ್ಳುತ್ತಿತ್ತು, ಸಣ್ಣದು ಕೆಸರಿನ ಜೊತೆ ಹೊರಗೆ ಹೋಗುತ್ತಿತ್ತು. ಹೀಗೆ ಹೋಗುತ್ತಿದ್ದುದು ಸ್ವಲ್ಪವಲ್ಲ, ಮಾಲೀಕರಿಗೂ ಅದು ಗೊತ್ತಿತ್ತು. ಆದರೆ ಹಿಡಿಯುವ ದಾರಿ ಇರಲಿಲ್ಲ.

ದಾರಿ ಸಿಕ್ಕಿದ್ದು 1887ರಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ. ಜಾನ್ ಸ್ಟೂವರ್ಟ್ ಮ್ಯಾಕ್‌ಆರ್ಥರ್ ಎಂಬ ರಸಾಯನಶಾಸ್ತ್ರಜ್ಞ ಮತ್ತು ಫಾರೆಸ್ಟ್ ಎಂಬ ವೈದ್ಯ ಸಹೋದರರು ಸೈನೈಡ್ ವಿಧಾನಕ್ಕೆ ಪೇಟೆಂಟ್ ಪಡೆದರು. ಉಪ್ಪಿನಂತೆ ಕಾಣುವ ಸೈನೈಡನ್ನು ನೀರಿನಲ್ಲಿ ಬಹಳ ತೆಳುವಾಗಿ ಕರಗಿಸಿ, ಗಾಳಿ ಸೋಕುವಂತೆ ಅದಿರಿನ ಪುಡಿಯ ಮೇಲೆ ಬಿಟ್ಟರೆ ಕಣ್ಣಿಗೆ ಕಾಣದ ಚಿನ್ನವೂ ಕರಗಿ ನೀರಿಗೆ ಸೇರುತ್ತದೆ. ಜೊತೆಗೆ ಸುಣ್ಣ ಬೆರೆಸಲೇಬೇಕು, ಇಲ್ಲದಿದ್ದರೆ ಸೈನೈಡ್ ವಿಷಗಾಳಿಯಾಗಿ ಏಳುತ್ತದೆ. ಕೋಲಾರದಲ್ಲಿ ಪಾದರಸಕ್ಕೆ ಸಿಗದೆ ಹೊರಗೆ ಬಿದ್ದಿದ್ದ ಹಳೆಯ ಮರಳನ್ನೂ ಮತ್ತೆ ತಂದು ಸೈನೈಡ್ ತೊಟ್ಟಿಗೆ ಹಾಕಿದರು. ಅಪ್ಪನ ಕಾಲದ ಕಸ ಮಗನ ಕಾಲಕ್ಕೆ ಅದಿರಾಯಿತು.

ನಮ್ಮ ತಾತ ಮಿಲ್ಲಿನಲ್ಲಿ ಕೆಲಸಕ್ಕಿದ್ದವರು. ‘ನೋಡೋಕೆ ಬರೀ ನೀರು, ಒಳಗೆ ಬಂಗಾರ’ ಎನ್ನುತ್ತಿದ್ದರು. ಕಷ್ಟ ಶುರುವಾಗುವುದೇ ಇಲ್ಲಿ. ನೀರಿಗೆ ಸೇರಿದ ಚಿನ್ನವನ್ನು ಹೊರಗೆ ತರುವುದು ಹೇಗೆ? ಸತುವಿನ ಚೂರನ್ನು ಆ ನೀರಿನಲ್ಲಿಟ್ಟರೆ ಸತು ಕರಗಿ ಚಿನ್ನ ಕೆಳಗಿಳಿಯುತ್ತದೆ, ಹೊಳೆಯುವ ಹಳದಿಯಾಗಿ ಅಲ್ಲ, ಕಾಡಿಗೆಯಂಥ ಕರಿ ಕೆಸರಾಗಿ. ಅದನ್ನು ಆಮ್ಲದಲ್ಲಿ ತೊಳೆದು, ಬಿಳಿಗಾರ ಹಾಕಿ ಮೂಸೆಯಲ್ಲಿ ಕರಗಿಸಿದರೆ ಗಟ್ಟಿ ಸಿಗುತ್ತದೆ. ಕೇಳಲು ಸುಲಭ. ಆದರೆ ನೀರು ಶುದ್ಧವಾಗಿರಬೇಕಲ್ಲ! ಕೆಸರು ಉಳಿದಿದ್ದರೆ ಅದು ಸತುವಿನ ಮೈಗೆ ಮೆತ್ತಿಕೊಳ್ಳುತ್ತದೆ. ಗಾಳಿ ಉಳಿದಿದ್ದರೆ ಸತು ಸುಮ್ಮನೆ ಸವೆಯುತ್ತದೆ. ತಾಮ್ರ ಸೇರಿದ್ದರೆ ಅದು ಸೈನೈಡನ್ನೂ ತಿನ್ನುತ್ತದೆ, ಸತುವಿನ ಮೇಲೂ ಕೂರುತ್ತದೆ. ಕೊಳೆ ನೀರಿಗೆ ಸತು ಸುರಿಯುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಅಮೆರಿಕದಲ್ಲಿ ಚಾರ್ಲ್ಸ್ ಮೆರಿಲ್ ಸತುವಿನ ಚೂರಿನ ಬದಲು ಪುಡಿ ಬಳಸಿದ, ಥಾಮಸ್ ಕ್ರೋ ಮೊದಲೇ ನೀರಿನೊಳಗಿನ ಗಾಳಿಯನ್ನು ಎಳೆದು ತೆಗೆಯುವ ಉಪಾಯ ಸೇರಿಸಿದ. ಅವರಿಬ್ಬರ ಹೆಸರಿನ ವಿಧಾನ ಇಂದಿಗೂ ಬಳಕೆಯಲ್ಲಿದೆ.

ಸೋಸಲು ಬಾರದಷ್ಟು ಕೊಳೆಯಾದ ದ್ರಾವಣಕ್ಕೆ ಉತ್ತರ ಕೊಟ್ಟದ್ದು ಇದ್ದಿಲು. ಅದರಲ್ಲೂ ತೆಂಗಿನ ಕರಟದ ಇದ್ದಿಲು, ಏಕೆಂದರೆ ಅದು ಗಟ್ಟಿ, ಬೇಗ ಪುಡಿಯಾಗುವುದಿಲ್ಲ. ಕೆಸರಿನ ಜೊತೆಗೇ ಅದನ್ನು ಕಲಕಿದರೆ ಚಿನ್ನ ಹೋಗಿ ಕರಟಕ್ಕೆ ಅಂಟುತ್ತದೆ, ಆಮೇಲೆ ಜರಡಿ ಹಿಡಿದು ಇದ್ದಿಲನ್ನು ಮಾತ್ರ ಎತ್ತಿಕೊಳ್ಳಬಹುದು. ನಮ್ಮ ಅಜ್ಜಿಯರು ಬಚ್ಚಲೊಲೆಗೆ ಹಾಕುತ್ತಿದ್ದ ಕರಟ! 1970ರ ದಶಕದಿಂದ ಜಗತ್ತಿನ ಚಿನ್ನದ ಗಣಿಗಳು ಇದರತ್ತ ತಿರುಗಿದವು. ರಾಯಚೂರು ಜಿಲ್ಲೆಯ ಹಟ್ಟಿ ಗಣಿಯಲ್ಲೂ ಇದ್ದಿಲಿನ ವಿಧಾನ ಬಂತು. ಇದ್ದಿಲಿಗೂ ಎಣ್ಣೆ, ಸುಣ್ಣ ಕಟ್ಟಿಕೊಳ್ಳುತ್ತವೆ. ಆಗ ಆಮ್ಲದಲ್ಲಿ ತೊಳೆದು, ಗೂಡಿನಲ್ಲಿ ಕಾಯಿಸಿ ಮತ್ತೆ ಬಳಸುತ್ತಾರೆ.

ಕೋಲಾರದ ಗಣಿಗಳು 1956ರಲ್ಲಿ ಮೈಸೂರು ಸರ್ಕಾರದ ಕೈಗೆ, 1962ರಲ್ಲಿ ಕೇಂದ್ರದ ಕೈಗೆ ಬಂದವು. ಚಾಂಪಿಯನ್ ರೀಫ್ ಮೂರು ಕಿಲೋಮೀಟರಿಗೂ ಆಳ ಇಳಿದಿತ್ತು. ಮೊದಮೊದಲು ಟನ್ನು ಕಲ್ಲಿಗೆ 40 ಗ್ರಾಂಗಿಂತ ಹೆಚ್ಚು ಸಿಗುತ್ತಿದ್ದ ಚಿನ್ನ ಕೊನೆಗೆ ಮೂರು ಗ್ರಾಂ ಆಸುಪಾಸಿಗೆ ಇಳಿಯಿತು. 2001ರ ಫೆಬ್ರವರಿ 28ರಂದು ಬಾಗಿಲು ಮುಚ್ಚಿತು. ಒಟ್ಟು ಸುಮಾರು 800 ಟನ್ ಚಿನ್ನ ಹೊರಗೆ ಹೋಗಿತ್ತು. ಊರಿಗೆ ಉಳಿದದ್ದು 13 ಗುಡ್ಡಗಳು, ಸುಮಾರು 3 ಕೋಟಿ 30 ಲಕ್ಷ ಟನ್ ಮಣ್ಣು. ಅದರ ಸೈನೈಡ್ ಬಹುಪಾಲು ಬಿಸಿಲು ಗಾಳಿಗೆ ಎಂದೋ ಒಡೆದು ಹೋಗಿರುತ್ತದೆ. ಧೂಳು ಮಾತ್ರ ಹೋಗಿಲ್ಲ. ಗಾಳಿ ಎದ್ದ ದಿನ ಒಣಗಲು ಹಾಕಿದ ಬಟ್ಟೆ, ಮುಚ್ಚದ ಪಾತ್ರೆ, ಮಕ್ಕಳ ಕಣ್ಣು ಎಲ್ಲದಕ್ಕೂ ಅದೇ ಬೂದು ಪುಡಿ. ಸಿನಿಮಾದಲ್ಲಿ ಅದು ಚೆಂದ ಕಾಣುತ್ತದೆ, ಒಪ್ಪುತ್ತೇನೆ.

ಈಗ ನಾವಿರುವ ನಾಡಿಗೆ ಬರೋಣ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಮೆಸೊಪೊಟೇಮಿಯದವರು ‘ಮಗನ್’ ಎಂದು ಕರೆದು ತಾಮ್ರ ತರಿಸಿಕೊಳ್ಳುತ್ತಿದ್ದ ದೇಶ ಇದೇ ಒಮಾನ್. ಸೊಹಾರ್‌ನ ಹಿಂದಿನ ಬೆಟ್ಟಗಳಲ್ಲಿ ಸಾವಿರ ವರ್ಷ ಹಳೆಯ ತಾಮ್ರದ ಕಿಟ್ಟದ ಕಪ್ಪು ರಾಶಿಗಳಿವೆ. ಅದೇ ಕಡೆಯ ಲಸೈಲ್‌ನಲ್ಲಿ 1980ರ ದಶಕದಲ್ಲಿ ತಾಮ್ರದ ಹೊಸ ಗಣಿ, ಕುಲುಮೆ ಶುರುವಾದವು. ಯಂಕುಲ್ ಸೀಮೆಯಲ್ಲಿ ಚಿನ್ನವನ್ನೂ ತೆಗೆದರು. ಇಲ್ಲಿ ಚಿನ್ನ ತಾಮ್ರದ ಜೊತೆಗೇ ಇರುತ್ತದೆ, ಮೇಲೆ ಹೇಳಿದ ತಾಮ್ರದ ಕಾಟ ಹುಟ್ಟಿನಿಂದಲೇ ಬಂದದ್ದು. ಸಿಹಿನೀರು ಕಡಿಮೆ ಇರುವ ದೇಶ, ಹಾಗಾಗಿ ಲಸೈಲ್‌ನಲ್ಲಿ ಅದಿರು ತೊಳೆಯಲು ಸಮುದ್ರದ ನೀರು ಬಳಸಿದರು. ಸುಮಾರು 1 ಕೋಟಿ 10 ಲಕ್ಷ ಟನ್ ಕೆಸರು ವಾದಿ ಸೂಕ್ ಕಣಿವೆಯ ಕಟ್ಟೆಯ ಹಿಂದೆ ಸೇರಿತು. ಕಟ್ಟೆಯ ತಳಕ್ಕೆ ಹಾಸು ಇರಲಿಲ್ಲ. ಉಪ್ಪು ಇಳಿದು ಕಣಿವೆಯ ಕೆಳಗಿನ ಅಂತರ್ಜಲಕ್ಕೆ ಸೇರಿತು. ಒಮಾನ್‌ನಲ್ಲಿ ಬಾವಿ, ಫಲಜ್ ಎಂದರೆ ಏನೆಂದು ನಿಮಗೆ ನಾನು ಹೇಳಬೇಕಿಲ್ಲ.

2024ರಲ್ಲಿ ಕರ್ನಾಟಕದ ಸಚಿವ ಸಂಪುಟ, 1,003 ಎಕರೆಯಲ್ಲಿರುವ ನಮ್ಮೂರ 13 ಗುಡ್ಡಗಳನ್ನು ಹರಾಜು ಹಾಕುವ ಕೇಂದ್ರದ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಅವುಗಳಲ್ಲಿ ಟನ್ನಿಗೆ ಒಂದು ಗ್ರಾಮಿಗೂ ಕಡಿಮೆ ಚಿನ್ನವಿದೆ, ಆದರೆ ಕಲ್ಲು ಆಗಲೇ ಅರೆದು ಇಟ್ಟಿದೆ. ಗಣಿ ಇಳಿಯುವ ಖರ್ಚಿಲ್ಲ. ಊರಿನಲ್ಲಿ ಕೆಲವರಿಗೆ ಇದು ಕೆಲಸದ ಆಸೆ. ಮಾರಿಕುಪ್ಪಂನಿಂದ ದಿನಾ ನಸುಕಿನಲ್ಲಿ ಬೆಂಗಳೂರಿನ ರೈಲು ಹತ್ತುವವರಿಗೆ ಮನೆಯ ಹತ್ತಿರ ಕೂಲಿ ಸಿಗುವುದೆಂದರೆ ಸಣ್ಣ ಮಾತಲ್ಲ. ಕೆಲವರಿಗೆ ಭಯ: ಗುಡ್ಡ ಅಗೆದರೆ ಧೂಳು ಇನ್ನೂ ಏಳುತ್ತದೆ, ಹೊಸ ಸೈನೈಡ್ ಮತ್ತೆ ಬರುತ್ತದೆ. ನನ್ನ ಮಟ್ಟಿಗೆ ಹೇಳುವುದಾದರೆ, ಅಗೆಯಲಿ. ಆದರೆ ಗುದ್ದಲಿ ಬೀಳುವ ಮೊದಲು ಸುತ್ತಲಿನ ಬೋರ್‌ವೆಲ್‌ಗಳ ನೀರನ್ನು ಪರೀಕ್ಷಿಸಿ ಊರಿನವರ ಕೈಗೆ ಬರಹದಲ್ಲಿ ಕೊಡಲಿ, ಹೊಸ ಕೆಸರು ನಿಲ್ಲುವ ಹೊಂಡದ ತಳಕ್ಕೆ ಹಾಸು ಹಾಕಲಿ, ಅಗೆದ ಮಣ್ಣು ಕೊನೆಗೆ ಎಲ್ಲಿಗೆ ಹೋಗುತ್ತದೆಂದು ಹರಾಜಿನ ಕಾಗದದಲ್ಲೇ ಬರೆಯಲಿ.