ಧ್ರುವ ಅಲೆಯಿತೋ, ನೆಲ ಜಾರಿತೋ?

ಭೂಮಿಯ ಅಕ್ಷ ತನ್ನ ಪಾಡಿಗೆ ತಾನಿದ್ದು, ಖಂಡ-ಸಾಗರಗಳನ್ನು ಹೊತ್ತ ಹೊರಕವಚವಷ್ಟೂ ಒಟ್ಟಾಗಿ ಜಾರಬಲ್ಲುದೆ? ಚಾರ್ಲ್ಸ್ ಡಾರ್ವಿನ್ ಮಗ ಜಾರ್ಜ್ ಡಾರ್ವಿನ್ 1877ರಲ್ಲೇ ಈ ಲೆಕ್ಕಕ್ಕೆ ಕೂತಿದ್ದರು. ಭೂಮಿ ಗಟ್ಟಿಗೋಳವಾಗಿದ್ದರೆ ಸಮಭಾಜಕದ ಉಬ್ಬು ಅದನ್ನು ಬಿಗಿಹಿಡಿಯುತ್ತದೆ, ಬೆಟ್ಟಗಳು ಎದ್ದರೂ ಸವೆದರೂ ಧ್ರುವ ಕದಲುವುದು ಕೆಲವೇ ಡಿಗ್ರಿ ಎಂದು ಅವರಿಗೆ ಕಂಡಿತು.

ಆ ಬಿಗಿಯನ್ನು ಸಡಿಲಿಸಿದವರು ಥಾಮಸ್ ಗೋಲ್ಡ್. ಭೂಮಿ ಪರಿಪೂರ್ಣ ಗೋಳವಾಗಿದ್ದರೆ ಮೇಲೆ ಹರಿದಾಡುವ ಒಂದು ಜೀರುಂಡೆಯೂ ಅದನ್ನು ಹೊರಳಿಸೀತು ಎಂದು 1955ರಲ್ಲಿ ಅವರು ವಾದಿಸಿದರು. ನಿಜವಾದ ಭೂಮಿಗೆ ಉಬ್ಬಿದೆ, ಸರಿ. ಆದರೆ ಒಳಗಿನ ಬಿಸಿ ಬಂಡೆ ನಿಧಾನವಾಗಿ ಹರಿಯುವುದರಿಂದ ಉಬ್ಬೂ ಜಾಗ ಬದಲಿಸುತ್ತದೆ. ಎಲ್ಲೋ ತೂಕ ಹೆಚ್ಚಿದರೆ ಆ ಭಾಗ ಸಮಭಾಜಕದತ್ತ ಸರಿಯುತ್ತದೆ. 1969ರಲ್ಲಿ ಗೋಲ್ಡ್‌ರೈಕ್ ಮತ್ತು ಟೂಮ್ರೆ ಇದಕ್ಕೆ ಗಣಿತದ ತಳಪಾಯ ಹಾಕಿದರು. ನಡುವೆ, 1958ರಲ್ಲಿ, ಹಿಮದ ಹೊರೆಗೆ ತೊಗಟೆ ಜಾರಿತೆನ್ನುವ ಚಾರ್ಲ್ಸ್ ಹ್ಯಾಪ್‌ಗುಡ್ ಪುಸ್ತಕ ಐನ್‌ಸ್ಟೈನ್ ಮುನ್ನುಡಿಯೊಂದಿಗೆ ಬಂತು. ಮುನ್ನುಡಿಯ ಹೊರತು ಅದರಲ್ಲಿ ಭೂವಿಜ್ಞಾನಿಗಳಿಗೆ ದಕ್ಕಿದ್ದು ಕಡಿಮೆ.

ಲೆಕ್ಕ ಒಪ್ಪಿತು, ಪುರಾವೆ? ಲಾವಾ ಆರುವಾಗ ಆ ಕಾಲದ ಕಾಂತದಿಕ್ಕು ಅದರಲ್ಲಿ ಅಚ್ಚಾಗುತ್ತದೆ. ಬ್ರಿಟನ್ನಿನ ಬಂಡೆಗಳಿಂದ ಕ್ರೀರ್, ಅರ್ವಿಂಗ್, ರಂಕಾರ್ನ್ 1954ರಲ್ಲಿ ಧ್ರುವದ ಹಾದಿ ಬಿಡಿಸಿದರು. ಅಲೆದದ್ದು ಧ್ರುವವೇ ಎಂದು ರಂಕಾರ್ನ್ ಮೊದಲು ನಂಬಿದ್ದರು. ಉತ್ತರ ಅಮೆರಿಕದ ಬಂಡೆಗಳಲ್ಲಿ ಅದೇ ಧ್ರುವದ ಹಾದಿ ಬೇರೆಯಾಗಿ ಕಂಡಾಗ 1956ರ ಹೊತ್ತಿಗೆ ಖಂಡಗಳ ಚಲನೆಯ ಕಡೆಗೆ ಬಂದರು. ದಖ್ಖನ್ ಲಾವಾ (ನಮ್ಮ ಬೆಳಗಾವಿ, ವಿಜಯಪುರ, ಕಲಬುರಗಿಗಳ ಕರಿಕಲ್ಲು) ಸಹ ಭಾರತ ಒಮ್ಮೆ ಸಮಭಾಜಕದ ದಕ್ಷಿಣಕ್ಕಿತ್ತೆಂದು ಸಾಕ್ಷಿ ಹೇಳಿತು. ಖಂಡಗಳ ಚಲನೆ ಗೆದ್ದಿತು, ಕವಚದ ಜಾರುವಿಕೆ ಮೂಲೆಗೆ ಬಿತ್ತು. ಇದು ಅವಸರದ ತೀರ್ಪೆಂದು ನನಗನ್ನಿಸುತ್ತದೆ. ಎರಡೂ ಒಟ್ಟಿಗೆ ನಡೆಯಬಾರದೆಂದೇನಿಲ್ಲವಲ್ಲ! ಖಂಡಗಳು ತಮ್ಮ ತಮ್ಮ ದಾರಿ ಹಿಡಿದದ್ದನ್ನು ಕಳೆದ ಮೇಲೂ ಎಲ್ಲಕ್ಕೂ ಸಮಾನವಾದ ತಿರುವು ಉಳಿದರೆ, ಅದೇ ಕವಚದ ಜಾರುವಿಕೆ.

ಅಂಥ ತಿರುವನ್ನು ಹಿಡಿಯುವುದು ಕಷ್ಟ. ಕೇಂಬ್ರಿಯನ್ ಯುಗದ ಆರಂಭದಲ್ಲಿ ಕವಚ ಸುಮಾರು 90 ಡಿಗ್ರಿ ಹೊರಳಿತೆಂದು ಜೋಸೆಫ್ ಕಿರ್ಷ್‌ವಿಂಕ್ ಮತ್ತು ಸಂಗಡಿಗರು 1997ರಲ್ಲಿ ಮಂಡಿಸಿದ್ದು ಇಂದಿಗೂ ವಿವಾದದಲ್ಲಿದೆ. 2021ರಲ್ಲಿ ರಾಸ್ ಮಿಚೆಲ್ ಮತ್ತಿತರರು ಇಟಲಿಯ ಅಪೆನ್ನೈನ್ ಸುಣ್ಣಕಲ್ಲನ್ನು ಪದರ ಪದರವಾಗಿ ಅಳೆದರು. ಸುಮಾರು 8.4 ಕೋಟಿ ವರ್ಷಗಳ ಹಿಂದೆ ಕವಚ 12 ಡಿಗ್ರಿಯಷ್ಟು ವಾಲಿ ಮತ್ತೆ ಹಿಂದಿರುಗಿತೆಂದು ಅವರ ವಾದ. ಒಂದೇ ಕಡೆಯ ಸಾಕ್ಷ್ಯವಾದರೂ ಹೋದದ್ದು, ಬಂದದ್ದು ಎರಡೂ ಅದೇ ಬಂಡೆಯಲ್ಲಿ ದಾಖಲಾಗಿರುವುದು ನನಗೆ ಬಲವಾಗಿ ಕಾಣುತ್ತದೆ.

ಇಂದಿನ ಸಣ್ಣ ಕದಲಿಕೆಗಳನ್ನು ನೇರವಾಗಿಯೇ ಅಳೆಯುತ್ತಾರೆ. 1899ರಿಂದ ಒಂದೇ ಅಕ್ಷಾಂಶದ ವೀಕ್ಷಣಾಲಯಗಳು ನಕ್ಷತ್ರ ನೋಡಿ ಇದನ್ನೇ ಮಾಡುತ್ತಿದ್ದವು, ಈಗ ಉಪಗ್ರಹಗಳಿವೆ. ಹಿಮಯುಗದ ಮಂಜಿನ ಹೊರೆ ಇಳಿದ ನೆಲ ಇನ್ನೂ ಮೇಲೇಳುತ್ತಿರುವುದು, ಗ್ರೀನ್‌ಲ್ಯಾಂಡ್ ಕರಗುತ್ತಿರುವುದು, ಒಳಗಿನ ಬಂಡೆಯ ಹರಿವು, ಈ ಮೂರೂ ಧ್ರುವವನ್ನು ಎಳೆಯುತ್ತವೆ. 2023ರ ಅಧ್ಯಯನವೊಂದು ಅಂತರ್ಜಲವನ್ನೂ ಸೇರಿಸಿತು: 1993ರಿಂದ 2010ರವರೆಗೆ ಎತ್ತಿದ ಸುಮಾರು 2,150 ಗಿಗಾಟನ್ ನೀರು ಸಮುದ್ರ ಸೇರಿ ಧ್ರುವವನ್ನು 80 ಸೆಂಟಿಮೀಟರಿನಷ್ಟು ಸರಿಸಿದೆ. ಹೆಚ್ಚು ನೀರೆತ್ತಿದ ಜಾಗಗಳಲ್ಲಿ ಒಂದು ಅಮೆರಿಕದ ಪಶ್ಚಿಮ ಭಾಗ, ಇನ್ನೊಂದು ವಾಯವ್ಯ ಭಾರತ. ಎರಡೂ ಮಧ್ಯ ಅಕ್ಷಾಂಶದಲ್ಲಿವೆ. ತೂಕ ಅಲ್ಲಿಂದ ಕದಲಿದರೇ ಧ್ರುವಕ್ಕೆ ಎಳೆತ ಹೆಚ್ಚು.