ಇಲ್ಲದ ಸಹೋದರರ ವಿಳಾಸ

ಒಂದು ಹಳೆಯ ಮನೆಯ ದುರಸ್ತಿ ನಡೆದಿದೆ. ಗೋಡೆಗೆ ಬಡಿದಿದ್ದ ಹಿತ್ತಾಳೆಯ ಫಲಕವನ್ನು ಬೇರೆ ಕಡೆಗೆ ಸಾಗಿಸಬೇಕು. ಅದನ್ನು ಹಿಡಿದಿದ್ದ ದೊಡ್ಡ ಮೊಳೆಯನ್ನು ಜಗ್ಗಿ ಎಳೆದಾಗ ಮೊಳೆಯ ಜೊತೆಗೆ ಗಾರೆಯೂ ಕಲ್ಲೂ ಕಿತ್ತು ಬರುತ್ತವೆ. ಅದರ ಹಿಂದೆ ಒಂದು ಗುಪ್ತ ಬಾಗಿಲು. ಬಾಗಿಲ ಮೇಲೆ, ಇದು 120 ವರ್ಷಗಳ ನಂತರ ತೆರೆಯುವುದೆಂದು ಸೂಚಿಸುವ ಲ್ಯಾಟಿನ್ ಬರಹ. ಮರುದಿನ ಬೆಳಿಗ್ಗೆ ತೆರೆದು ನೋಡಿದರೆ ಏಳು ಗೋಡೆಗಳ ಕೋಣೆ. ಒಂದೊಂದು ಗೋಡೆಯೂ ಐದು ಅಡಿ ಅಗಲ, ಎಂಟು ಅಡಿ ಎತ್ತರ. ಹೊರಗಿನ ಬಿಸಿಲು ಎಂದೂ ತಾಗದ ಆ ಜಾಗವನ್ನು ಚಾವಣಿಯಲ್ಲಿರುವ ಇನ್ನೊಂದು ಸೂರ್ಯ ಬೆಳಗುತ್ತಿದೆ. ನಡುವೆ ದುಂಡನೆಯ ಪೂಜಾಪೀಠ. ಅದನ್ನು ಸರಿಸಿ, ಅಡಿಯ ಹಿತ್ತಾಳೆ ತಗಡನ್ನು ಎತ್ತಿದರೆ ಒಂದಿಷ್ಟೂ ಕೊಳೆಯದ ಮನುಷ್ಯನ ದೇಹ. ಕೈಯಲ್ಲಿ ಚರ್ಮದ ಹಾಳೆಗಳ ಒಂದು ಪುಸ್ತಕ.

ಈ ಗೋರಿಯನ್ನು ಯಾರೂ ಕಂಡಿಲ್ಲ. ಅದು ಇದ್ದದ್ದು 1614ರಲ್ಲಿ ಜರ್ಮನಿಯ ಕಾಸೆಲ್ ಪಟ್ಟಣದಲ್ಲಿ ಅಚ್ಚಾದ, ಬರೆದವರ ಹೆಸರಿಲ್ಲದ ಒಂದು ಪುಸ್ತಿಕೆಯ ಒಳಗೆ ಮಾತ್ರ. ಪುಸ್ತಿಕೆಯ ಹೆಸರು 'ಫಾಮಾ ಫ್ರಾಟರ್ನಿಟಾಟಿಸ್', ಎಂದರೆ ಸಹೋದರ ಸಂಘದ ಕೀರ್ತಿ. ಯುರೋಪಿನ ಪುನರುಜ್ಜೀವನ ಕಾಲ ಮುಗಿಯುತ್ತಾ ಬಂದಿದ್ದ ಆ ಹೊತ್ತಿನಲ್ಲಿ ಈ ಪುಟ್ಟ ಪುಸ್ತಕ ಎಬ್ಬಿಸಿದ ಗದ್ದಲ ಸಣ್ಣದಲ್ಲ. ಹುಟ್ಟಿಯೇ ಇರದ ಒಬ್ಬ ಮನುಷ್ಯನ ಚರಿತ್ರೆಯನ್ನು ನಂಬಿ ಜನ ಊರೂರು ಅಲೆದರು, ಒಬ್ಬ ಸಂಕೋಲೆಗೆ ಬಿದ್ದ, ತತ್ವಜ್ಞಾನಿಯೊಬ್ಬ ತಾನು ಕಣ್ಣಿಗೆ ಕಾಣುತ್ತೇನೆಂದು ಸಾಬೀತು ಮಾಡಬೇಕಾಯಿತು.

ಮೊದಲು ಆ ಕಟ್ಟುಕಥೆಯನ್ನೇ ನೋಡೋಣ. ಬಡವಾದ ಆದರೆ ಕುಲೀನ ಮನೆತನದ ಒಬ್ಬ ಜರ್ಮನ್ ಹುಡುಗನನ್ನು ಐದನೆಯ ವಯಸ್ಸಿನಲ್ಲಿ ಮಠಕ್ಕೆ ಸೇರಿಸುತ್ತಾರೆ. ಅವನ ಹೆಸರು ಕ್ರಿಶ್ಚಿಯನ್ ರೋಸನ್‌ಕ್ರೊಯಿಟ್ಸ್, ಗುಲಾಬಿ ಮತ್ತು ಶಿಲುಬೆ ಕೂಡಿದ ಹೆಸರು. 'ಫಾಮಾ' ಅವನನ್ನು ಬರೀ ಮೊದಲಕ್ಷರಗಳಲ್ಲಿ ಕರೆಯುತ್ತದೆ. ಹುಡುಗ ಜೆರುಸಲೇಮಿಗೆಂದು ಹೊರಡುತ್ತಾನೆ. ಜೊತೆಗಿದ್ದ ಸನ್ಯಾಸಿ ಸೈಪ್ರಸ್ಸಿನಲ್ಲಿ ತೀರಿಕೊಳ್ಳುತ್ತಾನೆ. ಒಬ್ಬನೇ ಆದ ಹುಡುಗ ಡಮಾಸ್ಕಸ್ ಮುಟ್ಟಿ, ಅಲ್ಲಿಂದ ಅರಬ್ ನಾಡಿನ ಜ್ಞಾನಿಗಳ ಬಳಿ ಹೋಗಿ ಗಣಿತ, ವೈದ್ಯ, ಭೌತಶಾಸ್ತ್ರ ಕಲಿಯುತ್ತಾನೆ. ಮುಂದೆ ಈಜಿಪ್ಟ್ ದಾಟಿ ಮೊರಾಕೋದ ಫೆಜ್ ನಗರದಲ್ಲಿ ಎರಡು ವರ್ಷ ಇರುತ್ತಾನೆ. ಕಲಿತದ್ದನ್ನು ಹಂಚಿಕೊಳ್ಳಲು ಸ್ಪೇನಿಗೆ ಬಂದರೆ ಅಲ್ಲಿನ ಪಂಡಿತರು ನಗುತ್ತಾರೆ. ಹೊಸದನ್ನು ಒಪ್ಪಿದರೆ ತಮ್ಮ ಹೆಸರಿಗೂ ವರಮಾನಕ್ಕೂ ಕುಂದು ಬರುತ್ತದೆಂಬ ಅಂಜಿಕೆ ಅವರದು. ಬೇಸತ್ತು ಜರ್ಮನಿಗೆ ಮರಳಿದ ಆತ ತನ್ನ ಹಳೆಯ ಮಠದ ಮೂವರನ್ನು ಕರೆದು ಸಹೋದರ ಸಂಘ ಕಟ್ಟುತ್ತಾನೆ. ನಾಲ್ವರು ಮುಂದೆ ಎಂಟು ಮಂದಿಯಾಗುತ್ತಾರೆ.

ಅವರ ಕಟ್ಟಳೆಗಳು ಆರೇ ಆರು. ರೋಗಿಗಳಿಗೆ ಹಣ ಪಡೆಯದೆ ಔಷಧ ಕೊಡಬೇಕು, ಅದಲ್ಲದೆ ಬೇರೆ ಕಸುಬನ್ನು ಹೇಳಿಕೊಳ್ಳಬಾರದು. ವಿಶೇಷ ಉಡುಪು ತೊಡದೆ ಆಯಾ ನಾಡಿನವರಂತೆ ಬಟ್ಟೆ ಹಾಕಬೇಕು. ವರ್ಷಕ್ಕೊಮ್ಮೆ ಗೊತ್ತಾದ ದಿನ ಸಂಘದ ಮನೆಯಲ್ಲಿ ಸೇರಬೇಕು, ಬಾರದಿದ್ದರೆ ಕಾರಣ ಬರೆದು ಕಳಿಸಬೇಕು. ಸಾಯುವ ಮೊದಲು ತನ್ನ ಜಾಗಕ್ಕೆ ಯೋಗ್ಯನೊಬ್ಬನನ್ನು ಹುಡುಕಬೇಕು. ಸ್ಥಾಪಕನ ಮೊದಲಕ್ಷರಗಳೇ ಮುದ್ರೆ ಮತ್ತು ಗುರುತು. ನೂರು ವರ್ಷ ಸಂಘ ಗುಟ್ಟಾಗಿರಬೇಕು.

ಮರುವರ್ಷ ಬಂದ 'ಕನ್ಫೆಸಿಯೋ' ಎಂಬ ಎರಡನೆಯ ಪುಸ್ತಿಕೆ ಇಸವಿಯನ್ನೂ ಕೊಟ್ಟಿತು. ಸ್ಥಾಪಕ ಹುಟ್ಟಿದ್ದು 1378ರಲ್ಲಿ, ಬದುಕಿದ್ದು 106 ವರ್ಷ. ಲೆಕ್ಕ ಹಾಕಿದರೆ ಸಾವು 1484ರಲ್ಲಿ. ಅದಕ್ಕೆ 120 ಕೂಡಿಸಿದರೆ ಗೋರಿ ತೆರೆದದ್ದು 1604ರಲ್ಲಿ. ಆ ವರ್ಷವನ್ನು ಓದುಗರು ಮರೆತಿರಲಿಲ್ಲ. 1604ರ ಶರತ್ಕಾಲದಲ್ಲಿ ಆಕಾಶದಲ್ಲಿ ಹೊಸ ನಕ್ಷತ್ರವೊಂದು ಧಗ್ಗನೆ ಬೆಳಗಿತ್ತು. ಖಗೋಳಜ್ಞ ಕೆಪ್ಲರ್ ಅದರ ಬಗ್ಗೆ 1606ರಲ್ಲಿ ಒಂದು ಗ್ರಂಥವನ್ನೇ ಬರೆದ. ಕಟ್ಟುಕಥೆಯ ಬಾಗಿಲೂ ಆಕಾಶದ ಬಾಗಿಲೂ ಒಂದೇ ವರ್ಷ ತೆರೆದವು ಎನ್ನುವಾಗ ನಂಬಿಕೆಗೆ ಇನ್ನೇನು ಬೇಕು?

ಆದರೆ ಕಣ್ಣು ತೆರೆದು ಓದುವವರಿಗೆ ಸುಳಿವುಗಳೂ ಅಲ್ಲೇ ಇದ್ದವು. ಗೋರಿಯೊಳಗೆ ಸಿಕ್ಕ ಪುಸ್ತಕಗಳಲ್ಲಿ ವೈದ್ಯ ಪ್ಯಾರಾಸೆಲ್ಸಸ್ಸನ ಶಬ್ದಕೋಶವೂ ಒಂದು ಎನ್ನುತ್ತದೆ 'ಫಾಮಾ'. ಗೋರಿ ಮುಚ್ಚಿದ್ದು 1484ರಲ್ಲಾದರೆ ಪ್ಯಾರಾಸೆಲ್ಸಸ್ ಹುಟ್ಟಿದ್ದು ಅದಾಗಿ ಸುಮಾರು ಹತ್ತು ವರ್ಷಕ್ಕೆ. ಹುಟ್ಟದವನ ಪುಸ್ತಕ ಮುಚ್ಚಿದ ಗೋರಿಗೆ ಹೇಗೆ ಬಂತು? ಇನ್ನೂ ಒಂದು ಸುಳಿವು ರಟ್ಟಿನೊಳಗೇ ಇತ್ತು. 1614ರ ಆ ಮುದ್ರಣದಲ್ಲಿ 'ಫಾಮಾ'ಕ್ಕಿಂತ ಮೊದಲು ಬರುವುದು ಇಟಲಿಯ ವಿಡಂಬನಕಾರ ಬೊಕ್ಕಲೀನಿಯ ಒಂದು ಬರಹದ ಜರ್ಮನ್ ಅನುವಾದ. ಜಗತ್ತನ್ನೇ ಸುಧಾರಿಸಲು ಕೂತ ಜ್ಞಾನಿಗಳು ದೊಡ್ಡ ದೊಡ್ಡ ಯೋಜನೆಗಳನ್ನು ಮಂಡಿಸಿ, ಕೊನೆಗೆ ತರಕಾರಿಯ ಬೆಲೆ ನಿಗದಿ ಮಾಡಿ ಎದ್ದುಹೋಗುವ ಗೇಲಿ ಅದು. ಒಂದೇ ರಟ್ಟಿನ ನಡುವೆ ಸುಧಾರಣೆಯ ಗೇಲಿಯೂ ಸುಧಾರಣೆಯ ಕರೆಯೂ ಇದ್ದವು. ಜನ ಎರಡನೆಯದನ್ನು ಮಾತ್ರ ಓದಿದರು.

ಯಾಕೆ ಹಾಗೆ ಓದಿದರು ಎಂಬುದನ್ನು ಅವರ ಕಾಲ ಹೇಳುತ್ತದೆ. ಲೂಥರ್ ಚರ್ಚಿನ ವಿರುದ್ಧ ದನಿಯೆತ್ತಿ ಹತ್ತಿರ ಹತ್ತಿರ ನೂರು ವರ್ಷವಾಗಿತ್ತು. ಆತ ತಂದ ಬದಲಾವಣೆ ಹೊಸ ಪಂಡಿತರ ಹೊಸ ಜಗಳವಾಗಿ ಗಟ್ಟಿಯಾಗಿತ್ತು. ವಿಶ್ವವಿದ್ಯಾಲಯಗಳಲ್ಲಿ ಅರಿಸ್ಟಾಟಲ್, ಗ್ಯಾಲೆನ್ ಹೇಳಿದ್ದೇ ವೇದವಾಕ್ಯ. ಆಕಾಶ, ದೇಹ, ಭೂಪಟ ಎಲ್ಲವೂ ಬದಲಾಗುತ್ತಿದ್ದರೂ ತರಗತಿ ಬದಲಾಗಿರಲಿಲ್ಲ. ಇಂಥಲ್ಲಿ, ಬಲ್ಲವರು ಎಲ್ಲೋ ಒಂದೆಡೆ ಸದ್ದಿಲ್ಲದೆ ಸೇರಿ ಕಲಿತದ್ದನ್ನು ಹಂಚಿಕೊಳ್ಳುತ್ತಿದ್ದಾರೆ, ಬಡವರಿಗೆ ಪುಕ್ಕಟೆ ಔಷಧ ಕೊಡುತ್ತಿದ್ದಾರೆ, ನೀವೂ ಸೇರಬಹುದು ಎಂಬ ಸುದ್ದಿ ಬಂದರೆ ಬಾಯಾರಿದವನಿಗೆ ನೀರಿನ ಸದ್ದು ಕೇಳಿದಂತೆ. ಪುಸ್ತಿಕೆ ಓದುಗರನ್ನು ನೇರವಾಗಿಯೇ ಕರೆದಿತ್ತು: ನಿಮ್ಮ ಅಭಿಪ್ರಾಯ ಬರೆದು ಅಚ್ಚು ಮಾಡಿಸಿ, ಅದು ನಮ್ಮನ್ನು ಮುಟ್ಟುತ್ತದೆ. ವಿಳಾಸ ಮಾತ್ರ ಕೊಟ್ಟಿರಲಿಲ್ಲ.

ಜನ ಬರೆದರು. ಮುಂದಿನ ಹತ್ತು ವರ್ಷಗಳಲ್ಲಿ ಇಲ್ಲದ ಸಹೋದರರಿಗೆ ಪರವಾಗಿ, ವಿರುದ್ಧವಾಗಿ, ಸೇರಿಸಿಕೊಳ್ಳಿ ಎಂದು ಬೇಡಿ ನೂರಾರು ಬರಹಗಳು ಅಚ್ಚಾದವು. ಇಂಗ್ಲೆಂಡಿನ ವೈದ್ಯ ರಾಬರ್ಟ್ ಫ್ಲಡ್ ಅವರ ಪರ ವಾದಿಸಿದ. ಜರ್ಮನಿಯ ವೈದ್ಯ ಮೈಕೇಲ್ ಮೈಯರ್, ಅವರು ಉತ್ತರ ಕೊಡದೆ ಮೌನವಾಗಿರುವುದೇ ಸರಿ ಎಂದು 1617ರಲ್ಲಿ ಪುಸ್ತಕ ಬರೆದ. ಉತ್ತರ ಬಾರದಿದ್ದುದನ್ನು ಅವರು ಇಲ್ಲ ಎನ್ನುವುದಕ್ಕೆ ಯಾರೂ ಸಾಕ್ಷಿಯಾಗಿ ನೋಡಲಿಲ್ಲ. ತಾವಿನ್ನೂ ಯೋಗ್ಯರಾಗಿಲ್ಲ ಎಂದುಕೊಂಡರು.

ಈ ಕಥೆಗೆ ಮೊದಲು ಬೆಲೆ ತೆತ್ತವನು ಆದಂ ಹಾಸ್ಲ್‌ಮೈಯರ್. ಟಿರೋಲ್ ಪ್ರಾಂತ್ಯದ ಈತ 1610ರಲ್ಲೇ 'ಫಾಮಾ'ದ ಕೈಬರಹದ ಪ್ರತಿಯನ್ನು ಓದಿ ಮರುಳಾಗಿದ್ದ. ಸಹೋದರರಿಗೆ ಒಂದು ಉತ್ತರ ಬರೆದು 1612ರಲ್ಲಿ ಅಚ್ಚು ಮಾಡಿಸಿದ. ಕ್ಯಾಥೊಲಿಕ್ ಆಡಳಿತದ ಕಣ್ಣಿಗೆ ಅದು ಬಿದ್ದು ಆತನಿಗೆ ಗ್ಯಾಲಿ ಶಿಕ್ಷೆಯಾಯಿತು. ಎಂದರೆ ಕಾಲಿಗೆ ಸಂಕೋಲೆ ಹಾಕಿಸಿಕೊಂಡು ಹಡಗಿನಲ್ಲಿ ಹುಟ್ಟು ಹಾಕುವುದು. ಎರಡು ವರ್ಷದ ನಂತರ 'ಫಾಮಾ' ಅಚ್ಚಾದಾಗ ಹಾಸ್ಲ್‌ಮೈಯರನ ಉತ್ತರವನ್ನೂ ಅದರ ಜೊತೆ ಸೇರಿಸಿದರು, ಅವನನ್ನು ಹಡಗಿಗೆ ಕಟ್ಟಿದ ಸುದ್ದಿಯನ್ನು ಮುಖಪುಟದಲ್ಲೇ ಹಾಕಿದರು. ಇಡೀ ಪುಸ್ತಿಕೆಯಲ್ಲಿ ನಿಜವಾಗಿ ನಡೆದದ್ದು ಇದೊಂದೇ ಸಂಗತಿ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅವನು ಯಾರಿಗೆ ಕಾಗದ ಬರೆದನೋ ಅವರು ಇರಲಿಲ್ಲ. ಅವನ ಕಾಲಿನ ಕಬ್ಬಿಣ ಇತ್ತು.

ಎರಡನೆಯ ಪ್ರಸಂಗ ನಗು ತರಿಸುತ್ತದೆ. ತರುಣ ರೆನೆ ದೆಕಾರ್ತ್ 1619ರ ಚಳಿಗಾಲದಲ್ಲಿ ಜರ್ಮನಿಯಲ್ಲಿದ್ದಾಗ ಈ ಸಹೋದರರ ಸುದ್ದಿ ಕೇಳಿ ಹುಡುಕಿದ, ಒಬ್ಬರೂ ಸಿಗಲಿಲ್ಲ. 1623ರಲ್ಲಿ ಪ್ಯಾರಿಸ್ಸಿಗೆ ಮರಳಿದರೆ ಊರೆಲ್ಲ ಅದೇ ಮಾತು. ಸಹೋದರರು ನಗರದಲ್ಲಿ ಕಾಣುವಂತೆಯೂ ಕಾಣದಂತೆಯೂ ತಂಗಿದ್ದಾರೆಂದು ಸಾರುವ ಭಿತ್ತಿಪತ್ರಗಳನ್ನು ಯಾರೋ ಅಂಟಿಸಿದ್ದರು. ಅವರು ಸೈತಾನನ ಜೊತೆ ಕರಾರು ಮಾಡಿಕೊಂಡವರೆಂದು ಇನ್ಯಾರೋ ಪುಸ್ತಿಕೆ ತಂದರು. ಜರ್ಮನಿಯಿಂದ ಬಂದ ದೆಕಾರ್ತನೂ ಅವರಲ್ಲೊಬ್ಬನೆಂಬ ಗುಮಾನಿ ಹಬ್ಬಿತು. 1691ರಲ್ಲಿ ಅವನ ಜೀವನಚರಿತ್ರೆ ಬರೆದ ಬಾಯೆ ಹೇಳುವಂತೆ, ದೆಕಾರ್ತ್ ಇದಕ್ಕೆ ಸುಲಭದ ಪರಿಹಾರ ಕಂಡುಕೊಂಡ. ಆ ಸಹೋದರರು ಅದೃಶ್ಯರು ತಾನೆ? ಹಾಗಾದರೆ ಎಲ್ಲರ ಕಣ್ಣಿಗೂ ಬೀಳುವಂತೆ ಓಡಾಡಿದರಾಯಿತು! ಅದೇ 1623ರಲ್ಲಿ ಗೇಬ್ರಿಯಲ್ ನೋದೆ ಎಂಬ ಇಪ್ಪತ್ತಮೂರರ ತರುಣ ಇಡೀ ಕಥೆಯನ್ನು ಒರೆಗೆ ಹಚ್ಚಿ, ಇದು ಟೊಳ್ಳೆಂದು ಒಂದು ಪುಸ್ತಕ ಬರೆದ. ಮುಂದೆ ಅವನು ದೊಡ್ಡ ಗ್ರಂಥಪಾಲಕನೆಂದು ಹೆಸರಾದದ್ದು ಆಕಸ್ಮಿಕವಲ್ಲ. ಪುಸ್ತಕವನ್ನು ಪ್ರೀತಿಸುವುದಕ್ಕೂ ನಂಬಿಬಿಡುವುದಕ್ಕೂ ಇರುವ ಅಂತರ ಅವನಿಗೆ ಬೇಗನೆ ಗೊತ್ತಾಗಿತ್ತು.

ಹಾಗಾದರೆ ಇದನ್ನೆಲ್ಲ ಬರೆದದ್ದು ಯಾರು? ವಿದ್ವಾಂಸರ ಬೆರಳು ಹೆಚ್ಚಾಗಿ ತೋರುವುದು ಟ್ಯೂಬಿಂಗನ್ ವಿಶ್ವವಿದ್ಯಾಲಯದ ಊರಿನಲ್ಲಿದ್ದ ಒಂದು ಗೆಳೆಯರ ಬಳಗದ ಕಡೆಗೆ. ಹಿರಿಯನಾಗಿದ್ದ ತೋಬಿಯಾಸ್ ಹೆಸ್, ಕಾನೂನು ಪಂಡಿತ ಕ್ರಿಸ್ಟೋಫ್ ಬೆಸೋಲ್ಡ್, ಮತ್ತು ಇವರ ನಡುವೆ 1586ರಲ್ಲಿ ಹುಟ್ಟಿದ ಯೊಹಾನ್ ವಾಲೆಂಟಿನ್ ಆಂಡ್ರೆಯಾ. 1616ರಲ್ಲಿ ಸ್ಟ್ರಾಸ್‌ಬರ್ಗಿನಲ್ಲಿ ಬಂದ ಮೂರನೆಯ ಪುಸ್ತಕ 'ರಾಸಾಯನಿಕ ವಿವಾಹ' ತನ್ನದೇ ಎಂದು ಆಂಡ್ರೆಯಾ ಮುಪ್ಪಿನಲ್ಲಿ ಬರೆದ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಹದಿಹರೆಯದಲ್ಲಿ ಬರೆದ ಆ ಕೃತಿಗೆ ಅವನು ಬಳಸುವ ಲ್ಯಾಟಿನ್ ಪದ 'ಲೂಡಿಬ್ರಿಯಮ್'. ಆಟ, ಗೇಲಿ, ಹುಡುಗಾಟ ಎಂದೆಲ್ಲ ಅರ್ಥ ಬರುವ ಮಾತು. 'ಫಾಮಾ' ತನ್ನದೆಂದು ಮಾತ್ರ ಅವನು ಎಲ್ಲೂ ಹೇಳಲಿಲ್ಲ.

ಹುಡುಗಾಟ ಎಂದರೆ ಬರೀ ಸುಳ್ಳು ಎಂದಲ್ಲ. ಹಬ್ಬದ ದಿನ ವೇಷ ಕಟ್ಟಿದವನು ಮೋಸಗಾರನಲ್ಲವಷ್ಟೆ. ವೇಷದ ಮರೆಯಲ್ಲಿ ನಿಜ ಹೇಳುವುದು ಎಲ್ಲ ನಾಡುಗಳಲ್ಲೂ ಉಂಟು. ಜ್ಞಾನ ಹಂಚಿಕೊಳ್ಳಬೇಕು, ವೈದ್ಯ ಮಾರಾಟವಾಗಬಾರದು, ಧರ್ಮ ಉಡುಪಿನಲ್ಲಿಲ್ಲ ಎಂಬ ಮಾತುಗಳನ್ನು ಇಪ್ಪತ್ತರ ಹುಡುಗರು ತಮ್ಮ ಹೆಸರಿನಲ್ಲಿ ಹೇಳಿದ್ದರೆ ಯಾರು ಕೇಳುತ್ತಿದ್ದರು? ನೂರಾರು ವರ್ಷ ಹಳೆಯ ಒಬ್ಬ ಹಿರಿಯನನ್ನು ಕಟ್ಟಿ ನಿಲ್ಲಿಸಿ ಅವನ ಬಾಯಲ್ಲಿ ಹೇಳಿಸಿದರು. ತೊಂದರೆಯಾದದ್ದು ಜನ ಮಾತನ್ನು ಬಿಟ್ಟು ವೇಷವನ್ನು ಹಿಡಿದುಕೊಂಡಾಗ. ಔಷಧ ಪುಕ್ಕಟೆ ಹಂಚಿ ಎಂಬ ಮೊದಲ ಕಟ್ಟಳೆಯನ್ನು ಪಾಲಿಸಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಆದರೆ ಎಲ್ಲರೂ ಹುಡುಕಿದ್ದು ಗೋರಿಯನ್ನು, ಚಿನ್ನ ಮಾಡುವ ಗುಟ್ಟನ್ನು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ಆಂಡ್ರೆಯಾ ಆಡಿದ ಮಾತನ್ನು ಹಿಂದಕ್ಕೆ ಪಡೆಯಲು ಪ್ರಯತ್ನಿಸಿದ. 1619ರಲ್ಲಿ ಬಂದ 'ಬಾಬೆಲ್ ಗೋಪುರ'ದಲ್ಲಿ ಈ ಗದ್ದಲವನ್ನೇ ಹಾಸ್ಯ ಮಾಡಿದ. ಅದೇ ವರ್ಷ 'ಕ್ರಿಶ್ಚಿಯಾನೊಪೊಲಿಸ್' ಎಂಬ ಆದರ್ಶ ನಗರದ ಕಥೆ ಬರೆದು, ಗುಟ್ಟಿನ ಸಂಘದ ಜಾಗದಲ್ಲಿ ಬಾಗಿಲು ತೆರೆದ ಊರನ್ನು ಇಟ್ಟ. ಕೇಳುವವರು ಕಡಿಮೆಯಾಗಿದ್ದರು. 1618ರಲ್ಲಿ ಹೊತ್ತಿಕೊಂಡ ಮೂವತ್ತು ವರ್ಷಗಳ ಯುದ್ಧ ಜರ್ಮನಿಯನ್ನು ಸುಡತೊಡಗಿತ್ತು.

ಸಂಘ ಮಾತ್ರ ಬರೆದವನ ಕೈಮೀರಿ ಬೆಳೆಯಿತು. ಹದಿನೆಂಟನೆಯ ಶತಮಾನದ ಜರ್ಮನಿಯಲ್ಲಿ ಅದೇ ಹೆಸರಿನ ನಿಜವಾದ ಸಂಘ ಹುಟ್ಟಿತು, ಪ್ರಷ್ಯಾದ ರಾಜ ಎರಡನೆಯ ಫ್ರೆಡರಿಕ್ ವಿಲಿಯಮ್ ಅದರ ಸದಸ್ಯನಾದ. ಇಂದಿಗೂ ಆ ಹೆಸರಿನ ಸಂಸ್ಥೆಗಳಿವೆ. ಒಬ್ಬ ಕಲ್ಪಿಸಿದ ಬಳಗವನ್ನು ಅವನ ನಂತರದವರು ನಿಜವಾಗಿ ಕಟ್ಟಿಬಿಟ್ಟ ಈ ವಿಚಿತ್ರವನ್ನು ಬೋರ್ಹೆಸ್ ತನ್ನ ಒಂದು ಕಥೆಯೊಳಗೆ ಹೆಣೆದಿದ್ದಾನೆ. ಚರಿತ್ರಕಾರ್ತಿ ಫ್ರಾನ್ಸಿಸ್ ಯೇಟ್ಸ್ 1972ರಲ್ಲಿ, ಈ ಕನಸಿಗೂ ಹೊಸ ವಿಜ್ಞಾನದ ಹುಟ್ಟಿಗೂ ನಂಟಿದೆ ಎಂದು ವಾದಿಸಿದಳು. ಆ ವಾದವನ್ನು ಪೂರ್ತಿ ಒಪ್ಪದವರು ಅನೇಕರಿದ್ದಾರೆ. ಆದರೂ 1646ರ ಸುಮಾರಿಗೆ ತರುಣ ರಾಬರ್ಟ್ ಬಾಯ್ಲ್ ತನ್ನ ವಿಜ್ಞಾನಿ ಗೆಳೆಯರ ಬಳಗವನ್ನು ಅದೃಶ್ಯ ಕಾಲೇಜು ಎಂದು ಕರೆದದ್ದನ್ನು ಓದುವಾಗ ಹಳೆಯ ಪುಸ್ತಿಕೆಯ ನೆರಳು ಸುಳಿಯದಿರದು.

ಆಂಡ್ರೆಯಾ ಮುಂದೆ ಏನಾದ ಎಂಬುದನ್ನು ಗುಪ್ತ ಸಂಘಗಳ ಪುಸ್ತಕಗಳು ಹೆಚ್ಚಾಗಿ ಹೇಳುವುದಿಲ್ಲ. 1620ರಲ್ಲಿ ಆತ ಕಾಲ್ವ್ ಎಂಬ ಸಣ್ಣ ಪಟ್ಟಣಕ್ಕೆ ಚರ್ಚಿನ ಮೇಲ್ವಿಚಾರಕನಾಗಿ ಹೋದ. ಬಟ್ಟೆ ನೇಯ್ಗೆಗೆ, ಬಣ್ಣ ಹಾಕುವ ಕೆಲಸಕ್ಕೆ ಹೆಸರಾದ ಊರು ಅದು. ಮರುವರ್ಷ ಅಲ್ಲಿನ ಬಣ್ಣಗಾರರನ್ನೂ ವ್ಯಾಪಾರಿಗಳನ್ನೂ ಕೂಡಿಸಿ ಒಂದು ದತ್ತಿ ಕಟ್ಟಿಸಿದ. ಬಡವರಿಗೆ, ವಿದ್ಯಾರ್ಥಿಗಳಿಗೆ ನೆರವು ಕೊಡುವುದು ಅದರ ಕೆಲಸ. ಗುಟ್ಟಿಲ್ಲ, ಮುದ್ರೆಯಿಲ್ಲ, ಗೋರಿಯಿಲ್ಲ. 1634ರಲ್ಲಿ ಸೈನಿಕರು ಕಾಲ್ವ್ ಪಟ್ಟಣವನ್ನು ಸುಟ್ಟರು. ಆಂಡ್ರೆಯಾನ ಮನೆ, ಪುಸ್ತಕಗಳು, ಕೈಬರಹಗಳು ಬೂದಿಯಾದವು. ಆತ ಊರನ್ನು ಮತ್ತೆ ಎಬ್ಬಿಸುವ ಕೆಲಸಕ್ಕೆ ನಿಂತ. ಬಣ್ಣಗಾರರ ದತ್ತಿ ಅವನು 1654ರಲ್ಲಿ ತೀರಿಕೊಂಡ ಮೇಲೂ ಉಳಿಯಿತು.

ಆ ಪುಸ್ತಿಕೆ ಹುಟ್ಟಿಸಿದ ಆಸೆಯನ್ನು ಹೊತ್ತು ಸಾವಿರಾರು ಜನ ಸಹೋದರರ ಮನೆ ಹುಡುಕಿ ಅಲೆಯುತ್ತಿದ್ದ ದಿನಗಳಲ್ಲೇ ಕಾಲ್ವಿನ ದತ್ತಿ ಶುರುವಾಗಿತ್ತು. ಅದರ ವಿಳಾಸ ಊರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು.